ಮನೆಯಲ್ಲಿ ಹಾರ್ಪ್ಸಿಕಾರ್ಡ್ ಇಲ್ಲ, ಮಗುವಿಗೆ ಬಾಕ್ ಕಲಿಸಬೇಕು: ಎಲ್ಲಿಂದ ಶುರು ಮಾಡೋದು?

ನನ್ನ ಹತ್ತಿರ ಪಿಯಾನೊ ಕಲಿಯುವ ಮಕ್ಕಳ ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಎರಡು. ಒಂದು: "ಮಗಳು ಸಿನಿಮಾ ಹಾಡು ಅಂದರೆ ಓಡಿ ಬರುತ್ತಾಳೆ, ಬಾಕ್ ಅಂದರೆ ಮುಖ ಸಿಂಡರಿಸುತ್ತಾಳೆ. ಏನು ಮಾಡೋದು?" ಇನ್ನೊಂದು: "ಹಾರ್ಪ್ಸಿಕಾರ್ಡ್ ಅಂತ ಏನೋ ಇದೆಯಂತಲ್ಲ, ಅದಿಲ್ಲದೆ ಈ ಸಂಗೀತ ಕಲಿಯೋಕೆ ಆಗುತ್ತಾ?"

ಬಾಕ್ ಅಂದರೆ ಸುಮಾರು ಮುನ್ನೂರು ವರ್ಷದ ಹಿಂದಿನ ಜರ್ಮನಿಯ ಸಂಗೀತ ರಚನೆಕಾರ. ಹಾರ್ಪ್ಸಿಕಾರ್ಡ್ ಅಂದರೆ ಆ ಕಾಲದ, ತಂತಿ ಮೀಟುವ ಕೀಬೋರ್ಡ್ ವಾದ್ಯ. ಎರಡೂ ಪ್ರಶ್ನೆಗಳ ಬುಡ ಒಂದೇ. ಆ ಸಂಗೀತ ಯಾವ ವಾದ್ಯಕ್ಕಾಗಿ ಹುಟ್ಟಿತೋ ಆ ವಾದ್ಯವನ್ನು ಮಗು ನೋಡಿಲ್ಲ, ಅದರ ದನಿ ಕೇಳಿಲ್ಲ. ವೀಣೆಯನ್ನೇ ಕಾಣದವರ ಕೈಗೆ ತಾನದ ಪುಸ್ತಕ ಕೊಟ್ಟು "ಓದಿಕೋ" ಅಂದ ಹಾಗಾಯಿತು. ಆದ್ದರಿಂದ ನಾನು ಯಾವಾಗಲೂ ವಾದ್ಯದಿಂದಲೇ ಶುರು ಮಾಡುತ್ತೇನೆ, ನೋಟೇಶನ್ ಪುಸ್ತಕ ಆಮೇಲೆ. ವಾದ್ಯ ಮನೆಗೆ ಬರಬೇಕಿಲ್ಲ. ಅದು ಹೇಗೆ ಸದ್ದು ಮಾಡುತ್ತದೆ ಅನ್ನುವುದು ಮಗುವಿನ ತಲೆಗೆ ಹೋದರೆ ಸಾಕು.

ಮೊದಲು ಒಂದು ಪದ. ಬರೋಕ್ ಅಂದರೆ ಯುರೋಪಿನ ಸಂಗೀತದಲ್ಲಿ ಸುಮಾರು 1600ರಿಂದ 1750ರವರೆಗಿನ ಕಾಲ. ಆ ಕಾಲದ ಮೂವರು ದೊಡ್ಡವರು ಹುಟ್ಟಿದ್ದು ಒಂದೇ ವರ್ಷ, 1685ರಲ್ಲಿ: ಯೋಹಾನ್ ಸೆಬಾಸ್ಟಿಯನ್ ಬಾಕ್, ಹ್ಯಾಂಡೆಲ್, ಡೊಮೆನಿಕೊ ಸ್ಕಾರ್ಲಾಟಿ. ಮೊದಲಿಬ್ಬರ ಊರು ಜರ್ಮನಿಯಲ್ಲಿ, ಮೂರನೆಯವನದು ಇಟಲಿಯ ನೇಪಲ್ಸ್. "ಇವರು ಮೂವರೂ ಒಂದೇ ಕ್ಲಾಸಿನಲ್ಲಿ ಕೂರಬಹುದಿತ್ತು" ಅಂತ ಹೇಳಿ ನೋಡಿ, ಮಕ್ಕಳು ಆ ಹೆಸರುಗಳನ್ನು ಮರೆಯುವುದಿಲ್ಲ.

ಬೇಕಾಗುವ ಸಾಮಾನು

61 ಕೀಗಳ ಸಾಧಾರಣ ಕೀಬೋರ್ಡ್. ಇಷ್ಟು ಕೇಳಿದ ಕೂಡಲೇ "88 ಕೀ ಬೇಡವಾ?" ಅನ್ನುತ್ತಾರೆ. ಬೇಡ. ಬಾಕ್‌ನ 15 ಇನ್ವೆನ್ಷನ್‌ಗಳು (ಎರಡು ದನಿಗಳ ಪುಟ್ಟ ರಚನೆಗಳು) ನಾಲ್ಕು ಸ್ಥಾಯಿಯೊಳಗೆ, ಅಂದರೆ 49 ಕೀಗಳಲ್ಲಿ ಮುಗಿಯುತ್ತವೆ. 24 ಪ್ರಿಲ್ಯೂಡ್ ಮತ್ತು ಫ್ಯೂಗ್‌ಗಳ 1722ರ ದೊಡ್ಡ ಸಂಗ್ರಹ ಇದೆಯಲ್ಲ, ಅದೂ ಅಷ್ಟರಲ್ಲೇ. ಆಗಿನ ವಾದ್ಯಗಳೇ ಅಷ್ಟಿದ್ದವು. ಆಟಿಕೆ ಅಂಗಡಿಯ ಪುಟಾಣಿ ಕೀಗಳ ಕೀಬೋರ್ಡ್ ಮಾತ್ರ ತರಬೇಡಿ, ಬೆರಳಿನ ಅಂದಾಜು ಕೆಡುತ್ತದೆ.

ಜೊತೆಗೆ ಒಂದು ಹಳೆಯ ಬಿಸ್ಕತ್ ಡಬ್ಬ, ನಾಲ್ಕಾರು ರಬ್ಬರ್ ಬ್ಯಾಂಡ್, ಅವಧಿ ಮುಗಿದ ಎಟಿಎಂ ಕಾರ್ಡ್, ಒಂದು ಖಾಲಿ ಬಾಟಲಿ. ಗಿಟಾರ್ ಇದ್ದವರ ಮನೆಯಿಂದ ಅರ್ಧ ಗಂಟೆ ಸಾಲ ತನ್ನಿ. ಹಾರ್ಮೋನಿಯಂ ಇದ್ದರೆ ಇನ್ನೂ ಒಳ್ಳೆಯದು. ಕಾಲಿಡಲು ಒಂದು ಮಣೆ. ಮಣೆ ಯಾಕೆ ಅಂತ ಆಮೇಲೆ ಹೇಳುತ್ತೇನೆ.

1. ಸದ್ದು ಹುಟ್ಟುವ ನಾಲ್ಕು ದಾರಿ ತೋರಿಸಿ

ಇದಕ್ಕೆ ನಾಲ್ಕು ವಾರ ಕೊಡಿ. ವಾರಕ್ಕೊಂದು ವಾದ್ಯ. ಎಲ್ಲವನ್ನೂ ಒಂದೇ ಭಾನುವಾರ ತೋರಿಸಿ ಮುಗಿಸಿದರೆ ಮಗುವಿಗೆ ನೆನಪಿರುವುದು ಬಿಸ್ಕತ್ ಡಬ್ಬ ಒಂದೇ.

ಮೊದಲ ವಾರ, ಬಡಿಯುವುದು. ಪಿಯಾನೊದ ಕೀ ಒತ್ತಿದರೆ ಒಳಗೆ ಒಂದು ಪುಟ್ಟ ಸುತ್ತಿಗೆ ತಂತಿಗೆ ಬಡಿದು ಹಿಂದೆ ಬರುತ್ತದೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರು. ಇದನ್ನು 1700ರ ಸುಮಾರಿಗೆ ಮಾಡಿದವನು ಇಟಲಿಯ ಫ್ಲಾರೆನ್ಸ್‌ನಲ್ಲಿ ಮೆಡಿಚಿ ಮನೆತನದ ಆಶ್ರಯದಲ್ಲಿದ್ದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ. ಅಂದರೆ ಬರೋಕ್ ಕಾಲದ ಹೆಚ್ಚಿನ ಮನೆಗಳಲ್ಲಿ ಪಿಯಾನೊ ಅನ್ನುವುದೇ ಇರಲಿಲ್ಲ. ಡಬ್ಬಕ್ಕೆ ರಬ್ಬರ್ ಬ್ಯಾಂಡ್ ಬಿಗಿದು ಪೆನ್ಸಿಲ್‌ನಿಂದ ತಟ್ಟಲು ಹೇಳಿ. ಸದ್ದು ಹೇಗೆ ಬೇಕೋ ಹಾಗೆ ಬರುತ್ತದೆ.

ಎರಡನೆಯ ವಾರ, ಮೀಟುವುದು. ಅದೇ ರಬ್ಬರ್ ಬ್ಯಾಂಡ್, ಈಗ ಎಟಿಎಂ ಕಾರ್ಡಿನ ಒಂದು ಚೂರು. ಮೀಟಿದರೆ ಸದ್ದಿನ ಶುರುವಿಗೇ ಒಂದು ಚೂಪು ಬರುತ್ತದೆ. ಇದೇ ಹಾರ್ಪ್ಸಿಕಾರ್ಡ್. ಹೊರಗಿನಿಂದ ನೋಡಿದರೆ ತೆಳ್ಳನೆಯ ಗ್ರ್ಯಾಂಡ್ ಪಿಯಾನೊ, ಒಳಗೆ ಕೀಬೋರ್ಡಿನ ವೇಷದಲ್ಲಿರುವ ವೀಣೆ. ಪ್ರತಿ ಕೀಯ ಹಿಂಬದಿಯಲ್ಲಿ ಅಡಿಕೋಲಿಗಿಂತ ಕಿರಿದಾದ ಒಂದು ಮರದ ಪಟ್ಟಿ ನೆಟ್ಟಗೆ ನಿಂತಿರುತ್ತದೆ. ಅದಕ್ಕೆ ಜ್ಯಾಕ್ ಅಂತ ಹೆಸರು. ಅದರ ಮೇಲ್ತುದಿಯಲ್ಲಿ ಹಿಂದೆ ಮುಂದೆ ಆಡುವ ಪುಟ್ಟ ನಾಲಿಗೆ. ನಾಲಿಗೆಯಿಂದ ಅಕ್ಕಿಕಾಳಿನಷ್ಟು ಹೊರಗೆ ಚಾಚಿದ ಒಂದು ಗರಿ. ಆಗ ಕಾಗೆಯ ಜಾತಿಯ ಹಕ್ಕಿಯ ಗರಿ ಹಾಕುತ್ತಿದ್ದರು, ಈಗ ಹೆಚ್ಚಾಗಿ ಪ್ಲಾಸ್ಟಿಕ್. ಕೀ ಒತ್ತಿದರೆ ಜ್ಯಾಕ್ ಮೇಲೇಳುತ್ತದೆ, ಗರಿ ತಂತಿಯನ್ನು ಮೀಟಿ ಮುಂದೆ ಹೋಗುತ್ತದೆ. ಕೀ ಬಿಟ್ಟರೆ ಜ್ಯಾಕ್ ಕೆಳಗಿಳಿಯುತ್ತದೆ. ಆಗ ಮತ್ತೆ ಮೀಟಬಾರದಲ್ಲ? ಅದಕ್ಕೇ ಆ ನಾಲಿಗೆ. ಅದು ಹಿಂದಕ್ಕೆ ಬಾಗಿ ಗರಿಯನ್ನು ತಂತಿಯ ಪಕ್ಕದಿಂದ ಜಾರಿಸಿಬಿಡುತ್ತದೆ. ಕೊನೆಗೆ ಜ್ಯಾಕ್‌ಗೆ ಸಿಕ್ಕಿಸಿದ ಬಟ್ಟೆಯ ತುಣುಕು ತಂತಿಯ ಮೇಲೆ ಕೂತು ಸದ್ದು ನಿಲ್ಲಿಸುತ್ತದೆ. ಒಳ್ಳೆಯ ರೆಕಾರ್ಡಿಂಗ್‌ನಲ್ಲಿ ಕಿವಿಗೊಟ್ಟರೆ ಕೀ ಬಿಟ್ಟಾಗಿನ ಸಣ್ಣ "ಟಕ್" ಕೂಡ ಕೇಳಿಸುತ್ತದೆ. ಮಕ್ಕಳಿಗೆ ಅದನ್ನು ಹುಡುಕುವ ಕೆಲಸ ಕೊಡಿ.

ಮುಖ್ಯ ವಿಷಯ ಏನೆಂದರೆ, ಹಾರ್ಪ್ಸಿಕಾರ್ಡ್ ಕೀಯನ್ನು ಎಷ್ಟೇ ಗುದ್ದಿದರೂ ಸದ್ದು ಹೆಚ್ಚುಕಡಿಮೆ ಅಷ್ಟೇ. ಗರಿ ತಂತಿಯನ್ನು ಬಿಡುವುದು ಒಂದೇ ರೀತಿ. ಮುಂದಿನ ಹಂತಗಳೆಲ್ಲ ಇದರ ಮೇಲೆ ನಿಂತಿವೆ. ವರ್ಜಿನಲ್, ಸ್ಪಿನೆಟ್ ಅಂತ ಹೆಸರು ಕೇಳಿದರೆ ಗಾಬರಿಯಾಗಬೇಡಿ, ಅವು ಇದೇ ಜಾತಿಯ ಚಿಕ್ಕ ವಾದ್ಯಗಳು.

ಮೂರನೆಯ ವಾರ, ತಾಗಿ ನಿಲ್ಲುವುದು. ಇದಕ್ಕೆ ಗಿಟಾರ್ ಬೇಕು. ತಂತಿಯನ್ನು ಮೀಟದೆ, ಎಡಗೈ ಬೆರಳಿನಿಂದ ಒಂದು ಮನೆಯ (ಫ್ರೆಟ್‌ನ) ಮೇಲೆ ಪಟ್ಟನೆ ಒತ್ತಿ ಹಾಗೇ ಹಿಡಿಯಿರಿ. ಸಣ್ಣಗೆ ಒಂದು ಸ್ವರ ಕೇಳಿಸುತ್ತದೆ. ಕ್ಲಾವಿಕಾರ್ಡ್ ಮಾಡುವುದು ಇಷ್ಟೇ. ಕೀಯ ತುದಿಯಲ್ಲಿ ನಿಂತ ಹಿತ್ತಾಳೆಯ ಚಪ್ಪಟೆ ತುಂಡು ತಂತಿಗೆ ತಾಗಿ, ಕೀ ಬಿಡುವವರೆಗೂ ಅಲ್ಲೇ ಇರುತ್ತದೆ. ಹಾಗಾಗಿ ಬೆರಳನ್ನು ಅಲುಗಿಸಿದರೆ ಸ್ವರವೂ ನಡುಗುತ್ತದೆ. ಜರ್ಮನಿಯವರು ಇದನ್ನು ಬೇಬುಂಗ್ ಅನ್ನುತ್ತಾರೆ. ಇಂದಿನ ಪಿಯಾನೊದಲ್ಲಿ ಇದು ಸಾಧ್ಯವೇ ಇಲ್ಲ. ಆದರೆ ಸದ್ದು ತುಂಬ ಸಣ್ಣದು, ಪಕ್ಕದ ಕೋಣೆಗೂ ಕೇಳುವುದು ಕಷ್ಟ. ಹ್ಯಾಂಡೆಲ್‌ನ ಅಪ್ಪನಿಗೆ ಮಗ ಸಂಗೀತ ಕಲಿಯುವುದು ಇಷ್ಟವಿರಲಿಲ್ಲವಂತೆ. ಹುಡುಗ ಅಟ್ಟದಲ್ಲಿ ಬಚ್ಚಿಟ್ಟ ಕ್ಲಾವಿಕಾರ್ಡ್ ಅನ್ನು ಎಲ್ಲರೂ ಮಲಗಿದ ಮೇಲೆ ನುಡಿಸುತ್ತಿದ್ದನಂತೆ. 1760ರಲ್ಲಿ ಬಂದ ಅವನ ಮೊದಲ ಜೀವನ ಚರಿತ್ರೆಯಲ್ಲಿ ಈ ಕಥೆ ಇದೆ. ನಿಜವೋ ಬೆರಕೆಯೋ, ಕ್ಲಾವಿಕಾರ್ಡ್‌ನಲ್ಲಿ ಮಾತ್ರ ಅದು ನಡೆಯಬಹುದಾದ ಕಥೆ. ರೆಕಾರ್ಡಿಂಗ್ ಕೇಳಿಸುವಾಗ ಫ್ಯಾನ್ ಆಫ್ ಮಾಡಿ.

ನಾಲ್ಕನೆಯ ವಾರ, ಊದುವುದು. ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೆ ಬರುವ ಸದ್ದು ಪೈಪ್ ಆರ್ಗನ್‌ನ ಬೀಜ. ಹಾರ್ಮೋನಿಯಂನ ತಿದಿ ತೋರಿಸಿ: ಗಾಳಿ ತುಂಬುತ್ತದೆ, ಕೀ ಒತ್ತಿದರೆ ಹೊರಗೆ ಹೋಗುತ್ತದೆ. ವ್ಯತ್ಯಾಸವನ್ನೂ ಹೇಳಿ. ಹಾರ್ಮೋನಿಯಂನಲ್ಲಿ ಹಿತ್ತಾಳೆಯ ಪುಟ್ಟ ಪಟ್ಟಿ ಅದುರುತ್ತದೆ, ಆರ್ಗನ್‌ನ ಹೆಚ್ಚಿನ ಕೊಳವೆಗಳು ಕೊಳಲಿನಂತೆ ಹಾಡುತ್ತವೆ. ಕರೆಂಟ್ ಇಲ್ಲದ ಕಾಲದಲ್ಲಿ ಆರ್ಗನ್ ನುಡಿಸುವವನ ಹಿಂದೆ ತಿದಿ ಒತ್ತಲು ಬೇರೆ ಜನ ಬೇಕಿತ್ತು. ಒಬ್ಬರು ತಿದಿ, ಒಬ್ಬರು ಕೀ ಅಂತ ಹಾರ್ಮೋನಿಯಂ ಮುಂದೆ ಅಣ್ಣ ತಂಗಿಯನ್ನು ಕೂರಿಸಿ. ಜಗಳ ಗ್ಯಾರಂಟಿ, ಆದರೆ ವಿಷಯ ಅರ್ಥವಾಗುತ್ತದೆ.

2. ಚಿತ್ರವಿರುವ ಸಂಗೀತವನ್ನು ಮೊದಲು ಕೇಳಿಸಿ

ಮಕ್ಕಳಿಗೆ ಫ್ಯೂಗ್ ಕೇಳಿಸಿ ಶುರು ಮಾಡಬೇಡಿ. ಒಂದೇ ರಾಗದ ತುಣುಕನ್ನು ಹಲವು ದನಿಗಳು ಒಂದರ ಹಿಂದೊಂದು ಹಿಡಿದುಕೊಂಡು ಓಡುವ ರಚನೆಗೆ ಫ್ಯೂಗ್ ಅನ್ನುತ್ತಾರೆ. ಅದಕ್ಕೆ ಕಿವಿ ಸ್ವಲ್ಪ ಪಳಗಬೇಕು. ಹೆಸರಿನಲ್ಲೇ ಚಿತ್ರವಿರುವ ತುಣುಕುಗಳು ಬರೋಕ್ ಕಾಲದಲ್ಲಿ ಬೇಕಾದಷ್ಟಿವೆ, ಅದರಲ್ಲೂ ಫ್ರೆಂಚರಲ್ಲಿ.

ರಾಮೋ ಬರೆದ "ಲಾ ಪೂಲ್" ಅಂದರೆ ಹೆಂಟೆ. ಶುರುವಿನ ಸ್ವರಗಳ ಕೆಳಗೆ ಅವನೇ "ಕೊ ಕೊ ಕೊ ಕೊ ಕೊ ಕೊ ಕೊದೈ" ಅಂತ ಬರೆದಿದ್ದಾನೆ. ಹೆಸರು ಹೇಳದೆ ಕೇಳಿಸಿ, ಯಾವ ಪ್ರಾಣಿ ಅಂತ ಕೇಳಿ. ಕೋಳಿ ನೋಡಿದ ಮಗುವಾದರೆ ಹೇಳಿಬಿಡುತ್ತದೆ.

ಡಾಕ್ಯಾಂನ "ಲೆ ಕುಕು" (1735) ಒಂದು ಹಕ್ಕಿಯ ಕೂಗು. ಇಲ್ಲೊಂದು ಎಡವಟ್ಟಿದೆ. ಇದನ್ನು "ಕೋಗಿಲೆ" ಅಂತ ಹೇಳಿದರೆ ಮಗು ನಮ್ಮ ಮಾವಿನ ಮರದ ಕೋಗಿಲೆಯನ್ನು ಹುಡುಕುತ್ತದೆ, ಸಿಗುವುದಿಲ್ಲ. ನಮ್ಮ ಕೋಗಿಲೆಯ ಕೂಗು ಮೇಲೇರುತ್ತದೆ. ಯುರೋಪಿನ ಕುಕೂ ಅದರ ದಾಯಾದಿ, ಅದರ ಕೂಗು ಎರಡೇ ಸ್ವರ, ಮೇಲಿನಿಂದ ಕೆಳಕ್ಕೆ. ಎರಡನ್ನೂ ಬಾಯಲ್ಲಿ ಕೂಗಿಸಿ, ಆಮೇಲೆ ಕೇಳಿಸಿ.

ಫ್ರಾನ್ಸ್ವಾ ಕೂಪರ‍್ಯಾಂ ಬರೆದ "ಲೆ ಮೂಶ್‌ರಾಂ" ಕಿವಿಯ ಹತ್ತಿರ ಗುಂಯ್‌ಗುಡುವ ನುಸಿ. ಜರ್ಮನಿಯ ಕೂನಾವ್ 1700ರಲ್ಲಿ ಪ್ರಕಟಿಸಿದ ಬೈಬಲ್ ಸೊನಾಟಾಗಳಲ್ಲಿ ಮೊದಲನೆಯದು ದಾವೀದ ಮತ್ತು ಗೊಲ್ಯಾತನ ಕಾಳಗ. ಹೆದರಿದ ಸೈನ್ಯ, ಪ್ರಾರ್ಥನೆ, ಕವಣೆ ಕಲ್ಲು, ದೈತ್ಯ ದೊಪ್ಪನೆ ಬೀಳುವುದು, ಎಲ್ಲ ಬರೀ ಕೀಬೋರ್ಡಿನಲ್ಲೇ. ಕಥೆ ಮೊದಲು ಹೇಳಿ, "ಕಲ್ಲು ಯಾವಾಗ ಹಾರಿತು?" ಅಂತ ಕೈ ಎತ್ತಿಸಿ. ನನ್ನ ಅನುಭವದಲ್ಲಿ ಏಳೆಂಟು ವಯಸ್ಸಿನವರಿಗೆ ಇದನ್ನು ಮೀರಿಸಿದ್ದು ಇಲ್ಲ.

ಸ್ಕಾರ್ಲಾಟಿಯ "ಬೆಕ್ಕಿನ ಫ್ಯೂಗ್" (ಅವನ ರಚನೆಗಳ ಪಟ್ಟಿಯಲ್ಲಿ ಕೆ. 30) ಬಗ್ಗೆ, ಅವನ ಬೆಕ್ಕು ಕೀಗಳ ಮೇಲೆ ನಡೆದಾಗ ಹುಟ್ಟಿದ ರಾಗ ಅನ್ನುವ ಕಥೆ ಇದೆ. ಆ ಹೆಸರು ಅವನು ಇಟ್ಟದ್ದಲ್ಲ, ನಂತರದವರು ಅಂಟಿಸಿದ್ದು. ಕಥೆ ಅಂತಲೇ ಹೇಳಿ. ಸ್ವರಗಳು ಮೆಟ್ಟಿಲು ತಪ್ಪಿ ಹತ್ತುವ ರೀತಿ ಕೇಳಿದರೆ ಬೆಕ್ಕನ್ನು ನಂಬಬೇಕು ಅನ್ನಿಸುವುದೂ ನಿಜ.

ಕೇಳಿಸುವಾಗ ಮೂರು ಎಚ್ಚರಿಕೆ. ಒಂದು ಸಲಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಹೋಂವರ್ಕ್ ಮಾಡುವಾಗ ಹಿನ್ನೆಲೆಗೆ ಹಾಕಬೇಡಿ, ಕಿವಿ ಅದನ್ನು ಮಿಕ್ಸಿ ಸದ್ದಿನ ಹಾಗೆ ತಳ್ಳಿಬಿಡುತ್ತದೆ. ಮೂರನೆಯದು ಎಲ್ಲರೂ ಮಾಡುವ ತಪ್ಪು: ವಾಲ್ಯೂಮ್. ಹಾರ್ಪ್ಸಿಕಾರ್ಡ್ ರೆಕಾರ್ಡಿಂಗನ್ನು ಸಿನಿಮಾ ಹಾಡಿನ ಮಟ್ಟದಲ್ಲಿ ಕೇಳಿದರೆ ತಗಡು ಬಡಿದಂತೆ ಇರುತ್ತದೆ, ಮಗು ಕಿವಿ ಮುಚ್ಚಿಕೊಳ್ಳುತ್ತದೆ. ಅರ್ಧಕ್ಕೆ ಇಳಿಸಿ. ಕ್ಲಾವಿಕಾರ್ಡ್ ಆದರೆ ಇನ್ನೂ ಕಡಿಮೆ.

ಹುಡುಕಲು ಒಂದು ಒಳ್ಳೆಯ ಜಾಗ, ನೆದರ್ಲ್ಯಾಂಡ್ಸ್ ಬಾಕ್ ಸೊಸೈಟಿ 2014ರಿಂದ ನಡೆಸುತ್ತಿರುವ "ಆಲ್ ಆಫ್ ಬಾಕ್". ಬಾಕ್‌ನ ರಚನೆಗಳನ್ನು ಒಂದೊಂದಾಗಿ ವಿಡಿಯೊ ಮಾಡಿ ಉಚಿತವಾಗಿ ಹಾಕುತ್ತಾರೆ. ಕೈ, ಕೀ, ಕೊಳವೆ ಎಲ್ಲ ಹತ್ತಿರದಿಂದ ಕಾಣುತ್ತವೆ.

3. ಕುಣಿಸಿ

ಬರೋಕ್ ಕೀಬೋರ್ಡ್ ಸಂಗೀತದ ಬಹುಪಾಲು ಕುಣಿತದ ಹೆಸರಿನಲ್ಲಿದೆ: ಮಿನ್ಯುಯೆಟ್, ಗವೋಟ್, ಸರಬಾಂಡ್, ಜೀಗ್. ಮಗು ಮಿನ್ಯುಯೆಟ್ ನುಡಿಸುವ ಮೊದಲು ಅದಕ್ಕೆ ನಡೆದಿರಬೇಕು. ನಮ್ಮ ಮಕ್ಕಳಿಗೆ ಇದು ಸುಲಭ. ಮಿನ್ಯುಯೆಟ್ ಅಂದರೆ ನಿಧಾನದ "ತಕಿಟ, ತಕಿಟ". ಮನೆಯ ಹಾಲ್‌ನಲ್ಲಿ ನಡೆಸಿ, ತ-ಕ್ಕೆ ಮಂಡಿ ಸ್ವಲ್ಪ ಬಾಗಲಿ. ಜೀಗ್ ಅಂದರೆ ಓಡುವ "ತಕಿಟ ತಕಿಟ", ಜಿಗಿಯಲೇಬೇಕು. ಗವೋಟ್ ನಾಲ್ಕರ ಲೆಕ್ಕ, ಆದರೆ ಶುರುವಾಗುವುದು ಮಧ್ಯದಿಂದ, ಮೂರನೆಯ ಎಣಿಕೆಯಲ್ಲಿ. ಎಡುಪು ತಿಳಿದ ಮಗುವಿಗೆ ಇದು ಹೊಸದಲ್ಲ.

ಎರಡು ಸಂಜೆ ಸಾಕು. ಕೆಳಗಿನ ಮನೆಯವರಿಗೆ ಮೊದಲೇ ಹೇಳಿಬಿಡಿ.

4. ಕೀಬೋರ್ಡನ್ನು ಸರಿಯಾಗಿ ಸಜ್ಜು ಮಾಡಿ

ಈಗ ಕೀಬೋರ್ಡಿನ ಟೋನ್ ಪಟ್ಟಿ ತೆರೆಯಿರಿ. ಹೆಚ್ಚಿನ ಕೀಬೋರ್ಡುಗಳಲ್ಲಿ ಪಿಯಾನೊ ಗುಂಪಿನಲ್ಲೇ ಹಾರ್ಪ್ಸಿಕಾರ್ಡ್ ಇರುತ್ತದೆ. ಜನರಲ್ ಮಿಡಿ (ಬೇರೆ ಬೇರೆ ಕಂಪನಿಗಳೂ ಬಳಸುವ ಒಂದೇ ಟೋನ್ ಸಂಖ್ಯೆಗಳ) ಪಟ್ಟಿಯಾದರೆ 7ನೇ ಸಂಖ್ಯೆ. ಅದರ ಪಕ್ಕದಲ್ಲೇ, 8ರಲ್ಲಿ, "ಕ್ಲಾವಿ" ಅಂತ ಇರುತ್ತದೆ. ಅದನ್ನು ಕ್ಲಾವಿಕಾರ್ಡ್ ಅಂದುಕೊಂಡು ಮೋಸ ಹೋಗಬೇಡಿ. ಅದು ಕ್ಲಾವಿನೆಟ್, 20ನೇ ಶತಮಾನದ ಎಲೆಕ್ಟ್ರಿಕ್ ವಾದ್ಯ. ಚರ್ಚ್ ಆರ್ಗನ್ 20ರಲ್ಲಿ.

ಆಮೇಲೆ "ಟಚ್ ರೆಸ್ಪಾನ್ಸ್" ಅನ್ನುವ ಸೆಟ್ಟಿಂಗ್ ಆಫ್ ಮಾಡಿ. ಒತ್ತಿದ ಬಲಕ್ಕೆ ತಕ್ಕಂತೆ ಸದ್ದು ಬದಲಾಯಿಸುವ ಸೌಲಭ್ಯ ಅದು, ನಮಗೀಗ ಬೇಡ. ರಿದಂ, ಆಟೋ ಕಾರ್ಡ್, ಸಸ್ಟೇನ್ ಪೆಡಲ್ ಎಲ್ಲ ಬಂದ್.

ಈಗ ಒಂದು ಆಟ. ಒಂದೇ ಕೀಯನ್ನು ನಾಲ್ಕು ಸಲ ಸಮವಾಗಿ ನುಡಿಸಲು ಹೇಳಿ. "ಮೂರನೆಯದನ್ನು ಜೋರು ಮಾಡು" ಅನ್ನಿ. ಮಗು ಗುದ್ದುತ್ತದೆ, ಏನೂ ಆಗುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬ "ಮಿಸ್, ಇದು ಕೆಟ್ಟಿದೆ" ಅಂದಿದ್ದ. ಈಗ ಗುಟ್ಟು ಹೇಳಿಕೊಡಿ: ಎರಡನೆಯ ಸ್ವರವನ್ನು ಬೇಗ ಬಿಟ್ಟುಬಿಡು. ಮೂರನೆಯದರ ಮೊದಲು ಒಂದು ಚಿಕ್ಕ ಮೌನ ಬರಲಿ. ಮೂರನೆಯದನ್ನು ಪೂರ್ತಿ ಹಿಡಿ. ಕಿವಿಗೆ ಮೂರನೆಯದು ದೊಡ್ಡದಾಗಿ ಕೇಳಿಸುತ್ತದೆ! ಸದ್ದು ಬದಲಾಗಿಲ್ಲ, ಕಿವಿ ಮೋಸ ಹೋಯಿತು. ಹಾರ್ಪ್ಸಿಕಾರ್ಡ್ ನುಡಿಸುವವರು ಒತ್ತು ಕೊಡುವುದು ಹೀಗೆ, ಬಲದಿಂದಲ್ಲ, ಬಿಡುವಿನಿಂದ. ಮಾತಿನಲ್ಲೂ ಮುಖ್ಯವಾದ ಪದಕ್ಕೆ ಮೊದಲು ನಾವು ಒಂದು ಕ್ಷಣ ತಡೆಯುತ್ತೇವೆ, ಅಲ್ವಾ?

ಈ ಒಂದು ಆಟಕ್ಕೆ ಹದಿನೈದು ದಿನ ಕೊಟ್ಟರೂ ನಷ್ಟವಿಲ್ಲ. ಇದು ಬಂದ ಮೇಲೆ ಪಿಯಾನೊಗೆ ಹೋದರೂ ಬೆರಳು ಮಾತಾಡುತ್ತದೆ. ಇದಿಲ್ಲದೆ ಬಾಕ್ ನುಡಿಸಿದರೆ ಹೊಲಿಗೆ ಯಂತ್ರ ಓಡಿದಂತೆ ಇರುತ್ತದೆ, ಮಗುವಿಗೆ ಬೋರ್ ಆಗುವುದು ಅಲ್ಲೇ.

"ಹಾಗಾದರೆ ಪಿಯಾನೊದಲ್ಲಿ ಬಾಕ್ ನುಡಿಸುವುದು ತಪ್ಪಾ?" ಖಂಡಿತ ಅಲ್ಲ. ಆಗ "ಕ್ಲಾವಿಯರ್" ಅಂದರೆ ಕೀಗಳಿರುವ ಯಾವ ವಾದ್ಯವೂ ಆಗಬಹುದಿತ್ತು. ಬಾಕ್ ತಾನೇ 1747ರಲ್ಲಿ ಪೊಟ್ಸ್‌ಡ್ಯಾಮ್‌ನಲ್ಲಿ ಪ್ರಷ್ಯದ ದೊರೆ ಫ್ರೆಡ್ರಿಕ್‌ನ ಮುಂದೆ ಆಗಿನ ಹೊಸ ಪಿಯಾನೊಗಳನ್ನು ನುಡಿಸಿದ್ದ. ಮಡಿವಂತಿಕೆ ಬೇಡ. ಪೆಡಲ್ ಮೇಲಿನಿಂದ ಮಾತ್ರ ಕಾಲು ತೆಗೆಸಿ.

5. ಕೂರುವುದು, ಮತ್ತು ಮೊದಲ ತುಣುಕುಗಳು

ಈಗ ಮಣೆಯ ವಿಷಯ. ನುಸಿಯ ಸಂಗೀತ ಬರೆದ ಕೂಪರ‍್ಯಾಂ 1716ರಲ್ಲಿ ಹಾರ್ಪ್ಸಿಕಾರ್ಡ್ ನುಡಿಸುವ ಕಲೆಯ ಬಗ್ಗೆ ಒಂದು ಪುಸ್ತಕ ತಂದ. ಮಕ್ಕಳು ಆರೇಳು ವಯಸ್ಸಿಗೆ ಶುರು ಮಾಡಲಿ ಅನ್ನುತ್ತಾನೆ. ಮಕ್ಕಳ ಕಾಲು ಗಾಳಿಯಲ್ಲಿ ನೇತಾಡಬಾರದು, ಕೆಳಗೆ ಏನಾದರೂ ಇಡಿ ಅನ್ನುತ್ತಾನೆ. ನಮ್ಮ ಮಣೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮಗು ಬೆಳೆದಂತೆ ತೆಳ್ಳನೆಯದು ಇಡಿ. ನುಡಿಸುವಾಗ ಮುಖ ಕಿವುಚುವವರು ಎದುರಿಗೊಂದು ಕನ್ನಡಿ ಇಟ್ಟುಕೊಳ್ಳಲಿ ಅಂತಲೂ ಬರೆದಿದ್ದಾನೆ. ಒಂದಿಷ್ಟು ತುಣುಕುಗಳು ಕೈಗೆ ಹತ್ತಿದ ಮೇಲೆಯೇ ನೋಟೇಶನ್ ಕಲಿಸಬೇಕು ಅನ್ನುವುದು ಅವನ ಮಾತು. ಸರಳೆ ವರಸೆಯನ್ನು ಬಾಯಿಂದ ಬಾಯಿಗೆ ಕಲಿತ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಇನ್ನೂ ಒಂದಿದೆ: ಹೊಸಬರು ತಾನಿಲ್ಲದಾಗ ನುಡಿಸಿ, ಕಲಿಸಿದ್ದನ್ನೆಲ್ಲ ಕೆಡಿಸದಿರಲಿ ಅಂತ ಹಾರ್ಪ್ಸಿಕಾರ್ಡಿನ ಬೀಗದ ಕೈಯನ್ನು ತಾನೇ ತೆಗೆದುಕೊಂಡು ಹೋಗುತ್ತಿದ್ದನಂತೆ! ಅದನ್ನು ಪಾಲಿಸಬೇಡಿ. ಆದರೆ ಮೊದಲ ತಿಂಗಳು ಹತ್ತು ನಿಮಿಷ, ದೊಡ್ಡವರು ಪಕ್ಕದಲ್ಲಿ ಕೂತು, ಅನ್ನುವ ನಿಯಮ ಇಟ್ಟುಕೊಳ್ಳಿ.

ತುಣುಕುಗಳಿಗೆ ಬಾಕ್ ಮನೆಯ ಪುಸ್ತಕವೇ ಸಾಕು. ಬಾಕ್‌ನ ಎರಡನೆಯ ಹೆಂಡತಿ ಅನ್ನಾ ಮಗ್ದಲೇನಾಳ ಹೆಸರಿನ 1725ರ ನೋಟ್‌ಬುಕ್‌ನಲ್ಲಿ ಮನೆಮಂದಿ ನುಡಿಸುತ್ತಿದ್ದ ಚಿಕ್ಕ ಚಿಕ್ಕ ರಚನೆಗಳಿವೆ. ನಾನು ಕೊಡುವ ಕ್ರಮ ಹೀಗೆ: ಜಿ ಮೇಜರ್ ಮಿನ್ಯುಯೆಟ್, ಅದರ ಜೊತೆಯ ಜಿ ಮೈನರ್ ಮಿನ್ಯುಯೆಟ್, ಡಿ ಮೇಜರ್ ಮ್ಯೂಸೆಟ್, ಆಮೇಲೆ ಡಿ ಮೇಜರ್ ಮಾರ್ಚ್. ಬಾಕ್ ರಚನೆಗಳ ಪಟ್ಟಿಯಲ್ಲಿ ಇವು ಬಿಡಬ್ಲ್ಯುವಿ ಅನುಬಂಧ 114, 115, 126, 122. ನೋಟೇಶನ್ ಹುಡುಕುವಾಗ ಈ ಸಂಖ್ಯೆ ಹಾಕಿ, ಜಿ ಮೇಜರ್ ಮಿನ್ಯುಯೆಟ್ ಅಂತಷ್ಟೇ ಹಾಕಿದರೆ ಹತ್ತು ಬೇರೆ ಬೇರೆ ಬರುತ್ತವೆ. ಅಂದ ಹಾಗೆ, ಮೊದಲಿನ ಎರಡು ಬಾಕ್‌ನದಲ್ಲ. ಡ್ರೆಸ್ಡೆನ್‌ನ ಆರ್ಗನ್ ವಾದಕ ಕ್ರಿಸ್ಟಿಯಾನ್ ಪೆಟ್ಸೋಲ್ಡ್‌ನವು. ಮಾರ್ಚ್ ಬರೆದವನು ಬಾಕ್‌ನ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್. ಹಳೆಯ ಪುಸ್ತಕಗಳಲ್ಲಿ ಎಲ್ಲಕ್ಕೂ ಬಾಕ್ ಅಂತಲೇ ಇರುತ್ತದೆ.

ಇವು ಬಂದ ಮೇಲೆ ಇನ್ವೆನ್ಷನ್ 1. ಎರಡೇ ದನಿಗಳ ಪುಟ್ಟ ರಚನೆಗಳಿಗೆ ಬಾಕ್ ಇಟ್ಟ ಹೆಸರು ಇನ್ವೆನ್ಷನ್. ಕರ್ನಾಟಕ ಸಂಗೀತ ಕಲಿಯುತ್ತಿರುವ ಮಗುವಿಗೆ ಮೊದಲನೆಯದನ್ನು ಸ್ವರದಲ್ಲೇ ಹೇಳಿಕೊಡಿ. ಸಿ-ಯನ್ನು ಷಡ್ಜ ಅಂದುಕೊಂಡರೆ ಬಲಗೈ ಹೇಳುವುದು "ಸರಿಗಮರಿಗಸ ಪ". ಅಷ್ಟರಲ್ಲಿ ಎಡಗೈ ಅದೇ ಮಾತನ್ನು ಕೆಳಗಿನ ಸ್ಥಾಯಿಯಲ್ಲಿ ಹೇಳುತ್ತದೆ. ಮೂರನೆಯ ಮನೆಯಲ್ಲಿ, ಅಂದರೆ ಮೂರನೆಯ ಬಾರ್‌ನಲ್ಲಿ, ಅದೇ ಮಾತು ತಲೆಕೆಳಗಾಗುತ್ತದೆ: "ಧಪಮಗಪಮಧ". ಇಡೀ ಎರಡು ಪುಟ ಇದೊಂದೇ ಮಾತಿನ ಮೇಲೆ ನಡೆಯುತ್ತದೆ. ಪೆನ್ಸಿಲ್ ಕೊಟ್ಟು, ಸರಿಯಾಗಿ ಬಂದಲ್ಲೆಲ್ಲ ಕೆಂಪು ಗೆರೆ, ತಲೆಕೆಳಗಾದಲ್ಲೆಲ್ಲ ನೀಲಿ ಗೆರೆ ಎಳೆಸಿ. ಆಮೇಲೆ ಮಗು ಒಂದು ಕೈ, ನೀವು ಇನ್ನೊಂದು ಕೈ. ನಿಮಗೆ ನುಡಿಸಲು ಬರದಿದ್ದರೆ ಮಗು ಒಂದು ದನಿ ನುಡಿಸಲಿ, ನೀವು "ಸರಿಗಮರಿಗಸ" ಹಾಡಿ.

ಇಲ್ಲಿನ ದೊಡ್ಡ ಗುಂಡಿ: ಎಡಗೈಯನ್ನು ಪಕ್ಕವಾದ್ಯದಂತೆ ನೋಡುವುದು. ಸಿನಿಮಾ ಹಾಡಿನಲ್ಲಿ ಬಲಗೈಗೆ ರಾಗ, ಎಡಗೈಗೆ ಕಾರ್ಡ್. ಇಲ್ಲಿ ಎರಡೂ ಕೈ ಹಾಡುಗಾರರೇ. ಎಡಗೈಯ ಭಾಗವನ್ನು ಮಗು ಬಾಯಲ್ಲಿ ಹಾಡಲು ಬಾರದಿದ್ದರೆ ಎರಡು ಕೈ ಕೂಡಿಸಬೇಡಿ.

6. ಅಲಂಕಾರ ಕೊನೆಗೆ

ನೋಟೇಶನ್‌ನಲ್ಲಿ ಸ್ವರದ ತಲೆ ಮೇಲೆ ಹಾವಿನಂಥ ಗೆರೆಗಳು ಕಾಣುತ್ತವೆ. ಟ್ರಿಲ್, ಮಾರ್ಡೆಂಟ್ ಅಂತ ಅವುಗಳ ಹೆಸರು. ಟ್ರಿಲ್ ಅಂದರೆ ಸ್ವರವೂ ಅದರ ಮೇಲಿನ ಸ್ವರವೂ ಬೇಗ ಬೇಗ ಅದಲು ಬದಲು. ಮಾರ್ಡೆಂಟ್ ಅಂದರೆ ಕೆಳಗಿನ ಸ್ವರವನ್ನು ಒಮ್ಮೆ ಮುಟ್ಟಿ ಬರುವುದು. ಹಾರ್ಪ್ಸಿಕಾರ್ಡಿನ ಸದ್ದು ಬೇಗ ಆರಿಹೋಗುತ್ತದೆ, ಉದ್ದದ ಸ್ವರವನ್ನು ಜೀವಂತ ಇಡಲು ಇದೂ ಒಂದು ದಾರಿ. "ಗಮಕದ ಹಾಗೆ" ಅಂದರೆ ಮಕ್ಕಳಿಗೆ ಬೇಗ ಹತ್ತುತ್ತದೆ. ಒಂದು ವ್ಯತ್ಯಾಸ: ಗಮಕ ತೆಗೆದರೆ ರಾಗವೇ ಹೋಗುತ್ತದೆ. ಇಲ್ಲಿ ತೆಗೆದರೂ ರಚನೆ ನಿಲ್ಲುತ್ತದೆ, ಬೋಳಾಗಿ ಕಾಣುತ್ತದೆ ಅಷ್ಟೇ. ಹಾಗಾಗಿ ಮೊದಲು ಬೋಳು ರಚನೆ ತಾಳ ತಪ್ಪದೆ ಬರಲಿ, ಆಮೇಲೆ ಒಂದೊಂದೇ ಸೇರಿಸಿ. ಬರೋಕ್ ಟ್ರಿಲ್ ಸಾಮಾನ್ಯವಾಗಿ ಮೇಲಿನ ಸ್ವರದಿಂದ ಶುರು, ಈಗಿನ ಕೆಲವು ಪುಸ್ತಕಗಳು ಬೇರೆ ಹೇಳುತ್ತವೆ. ಆದಷ್ಟು ಬೇಗ ಗಿರಗಿರ ತಿರುಗಿಸುವುದು ಗುರಿಯಲ್ಲ.

ಬಾಕ್ ತನ್ನ ಹಿರಿಯ ಮಗ ವಿಲ್ಹೆಲ್ಮ್ ಫ್ರೀಡೆಮಾನ್‌ಗೆ 1720ರ ಜನವರಿ 22ರಂದು ಒಂದು ಪುಸ್ತಕ ಶುರು ಮಾಡಿದ. ಹುಡುಗನಿಗೆ ಆಗ ಒಂಬತ್ತು. ಅದರ ಮೊದಲ ಪುಟಗಳಲ್ಲೇ ಈ ಗೆರೆಗಳ ಅರ್ಥದ ಪಟ್ಟಿ ಇದೆ. ಬೆರಳು ಸಂಖ್ಯೆ ಬರೆದ ಒಂದು ಪುಟ್ಟ ರಚನೆಯೂ ಇದೆ. ಅದರಲ್ಲಿ ಬಲಗೈ ಸರಿಗಮ ಹತ್ತುವುದು 3-4-3-4 ಬೆರಳಿನಲ್ಲಿ, ಹೆಬ್ಬೆರಳು ಇಲ್ಲ! ಒಮ್ಮೆ ತಮಾಷೆಗೆ ಮಾಡಿಸಿ ನೋಡಿ. ಎರಡೆರಡು ಸ್ವರಗಳ ಜೋಡಿ ತಾನಾಗಿಯೇ ಬೀಳುತ್ತದೆ, 4ನೇ ಹಂತದ ಬಿಡುವಿನ ಆಟ ನೆನಪಾಗುತ್ತದೆ. ಗ್ರೇಡ್ ಪರೀಕ್ಷೆಗೆ ಮಾತ್ರ ಈಗಿನ ಬೆರಳು ಕ್ರಮವೇ ಇರಲಿ.

7. ನಿಜವಾದ ವಾದ್ಯದ ಮುಂದೆ ನಿಲ್ಲಿಸಿ

ನಮ್ಮಲ್ಲಿ ಹಾರ್ಪ್ಸಿಕಾರ್ಡ್ ಅಪರೂಪ. ಹವೆಯಲ್ಲಿ ತೇವ ಹೆಚ್ಚುಕಡಿಮೆಯಾದರೆ ಅದರ ಮರ ಹಿಗ್ಗುತ್ತದೆ, ಕುಗ್ಗುತ್ತದೆ, ಶ್ರುತಿ ಓಡುತ್ತದೆ. ಇಟ್ಟುಕೊಂಡವರು ತಾವೇ ಶ್ರುತಿ ಮಾಡಲು ಕಲಿತಿರುತ್ತಾರೆ. ಆದ್ದರಿಂದ "ಒಂದು ತರಿಸೋಣವಾ?" ಅನ್ನುವವರಿಗೆ ನನ್ನ ಉತ್ತರ: ಈಗ ಬೇಡ.

ಪೈಪ್ ಆರ್ಗನ್ ಹತ್ತಿರದಲ್ಲೇ ಇರಬಹುದು. ದೊಡ್ಡ ಊರುಗಳ ಕೆಲವು ಹಳೆಯ ಚರ್ಚುಗಳಲ್ಲಿದೆ. ಪ್ರಾರ್ಥನೆ ಇಲ್ಲದ ಹೊತ್ತು ಕೇಳಿಕೊಂಡು, ಅನುಮತಿ ಪಡೆದು ಹೋಗಿ. ನುಡಿಸುವವರೇ ಇದ್ದಾಗ ಹೋದರೆ ಅತಿ ದೊಡ್ಡ ಕೊಳವೆ, ಅತಿ ಸಣ್ಣ ಕೊಳವೆ ಎರಡನ್ನೂ ಒಂದೊಂದು ಸಲ ಕೇಳಿಸಲು ವಿನಂತಿಸಿ.

ಹೊರದೇಶದಲ್ಲಿರುವ ಅಥವಾ ರಜೆಗೆ ಹೋಗುವ ಕನ್ನಡಿಗರಿಗೆ ಅವಕಾಶ ಜಾಸ್ತಿ. ಎಡಿನ್‌ಬರದ ಸೇಂಟ್ ಸಿಸಿಲಿಯಾಸ್ ಹಾಲ್‌ನಲ್ಲಿ ಹಳೆಯ ಕೀಬೋರ್ಡ್ ವಾದ್ಯಗಳ ದೊಡ್ಡ ಸಂಗ್ರಹವಿದೆ. ಬಾಕ್ ಹುಟ್ಟಿದ ಐಸೆನಾಖ್‌ನ ಬಾಕ್‌ಹೌಸ್ ಮ್ಯೂಸಿಯಂನಲ್ಲಿ ಹಳೆಯ ವಾದ್ಯಗಳನ್ನು ಎದುರಿಗೇ ನುಡಿಸಿ ತೋರಿಸುತ್ತಾರೆ. ಕ್ರಿಸ್ತೊಫೊರಿ ಮಾಡಿದ ಪಿಯಾನೊಗಳಲ್ಲಿ ಉಳಿದಿರುವುದು ಮೂರು: 1720ರದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ, 1722ರದು ರೋಮ್‌ನಲ್ಲಿ, 1726ರದು ಲೈಪ್‌ಸಿಗ್‌ನಲ್ಲಿ.

ಯಾರಾದರೂ ತಮ್ಮ ಹಾರ್ಪ್ಸಿಕಾರ್ಡ್ ಮುಟ್ಟಲು ಬಿಟ್ಟರೆ, ಮಗುವಿನ ಕೈ ತೊಳೆಸಿ, ಉಂಗುರ ಬಳೆ ತೆಗೆಸಿ. ಒಂದು ಕೀಯನ್ನು ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ ಒತ್ತಲು ಹೇಳಿ. ಗರಿ ತಂತಿಗೆ ತಾಗಿ, ಬಾಗಿ, ಬಿಡುವ ಕ್ಷಣ ಬೆರಳಿಗೇ ಗೊತ್ತಾಗುತ್ತದೆ. ಯಾವ ವಿಡಿಯೊದಲ್ಲೂ ಅದು ಸಿಗುವುದಿಲ್ಲ. ಕೆಲವು ವಾದ್ಯಗಳಲ್ಲಿ ಕೀಗಳ ಬಣ್ಣ ಉಲ್ಟಾ ಇರುತ್ತದೆ, ನಮ್ಮ ಬಿಳಿ ಅಲ್ಲಿ ಕಪ್ಪು. ಮೊದಲೇ ಹೇಳಿರಿ, ಇಲ್ಲದಿದ್ದರೆ ಮಕ್ಕಳು ತಬ್ಬಿಬ್ಬಾಗುತ್ತಾರೆ.

ಉಳಿದ ಕೆಲವು ಪ್ರಶ್ನೆಗಳು

ಕರ್ನಾಟಕ ಸಂಗೀತ ಕಲಿಯುವ ಮಗುವಿಗೆ ಗೊಂದಲ ಆಗಲ್ವಾ? ನಾನು ಕಂಡಂತೆ ಇಲ್ಲ. ತಾಳ ಗಟ್ಟಿ ಇರುವ ಮಕ್ಕಳು ಬಾಕ್‌ನಲ್ಲಿ ಒಂದು ಹೆಜ್ಜೆ ಮುಂದೆಯೇ ಇರುತ್ತಾರೆ. ಹೊಸದು ಒಂದೇ, ಒಟ್ಟಿಗೆ ಎರಡು ರಾಗ ಕೇಳುವುದು. ಬಾಹ್ಯಾಕಾಶ ಇಷ್ಟಪಡುವ ಮಗುವಾದರೆ ಇದನ್ನೂ ಹೇಳಿ: 1977ರಲ್ಲಿ ಹಾರಿದ ವಾಯೇಜರ್ ನೌಕೆಗಳಲ್ಲಿರುವ ಚಿನ್ನದ ಲೇಪದ ಧ್ವನಿಮುದ್ರಿಕೆಯಲ್ಲಿ ಬಾಕ್‌ನ ಸಿ ಮೇಜರ್ ಪ್ರಿಲ್ಯೂಡ್ ಮತ್ತು ಫ್ಯೂಗ್ ಕೂಡ ಇದೆ, ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ.

ರೆಕಾರ್ಡಿಂಗ್ ಜೊತೆ ನುಡಿಸಿದರೆ ಶ್ರುತಿ ಸೇರುತ್ತಿಲ್ಲ, ಕೀಬೋರ್ಡ್ ಕೆಟ್ಟಿದೆಯಾ? ಇಲ್ಲ. ಹಳೆಯ ವಾದ್ಯಗಳನ್ನು ನುಡಿಸುವ ಹಲವರು ಈಗಿನದಕ್ಕಿಂತ ಸುಮಾರು ಅರ್ಧ ಸ್ವರ ಕೆಳಗೆ ಶ್ರುತಿ ಇಟ್ಟುಕೊಳ್ಳುತ್ತಾರೆ. ಎ ಸ್ವರ 440 ಹರ್ಟ್ಸ್ ಬದಲು 415. ಟ್ರಾನ್ಸ್‌ಪೋಸ್ ಗುಂಡಿಯನ್ನು ಮೈನಸ್ 1 ಮಾಡಿ. ಕ್ಲಾಸಿಗೆ ಹೋಗುವ ಮೊದಲು ಸೊನ್ನೆಗೆ ತರಲು ಮರೆಯಬೇಡಿ.

ಪರೀಕ್ಷೆಯ ಮೂರು ತುಣುಕನ್ನೇ ವರ್ಷವಿಡೀ ನುಡಿಸುತ್ತಿದ್ದಾನೆ, ಏನು ಮಾಡಲಿ? ವಾರಕ್ಕೊಂದು ದಿನ ಪರೀಕ್ಷೆಯ ಪುಸ್ತಕ ಮುಚ್ಚಿಡಿ. ಆ ದಿನ ಹೆಂಟೆ, ನುಸಿ, ಗೊಲ್ಯಾತ.

ಮಗು "ಸಾಕು" ಅಂದರೆ? ನಿಲ್ಲಿಸಿ. ಹಾರ್ಪ್ಸಿಕಾರ್ಡ್ ಟೋನ್ ಹಾಕಿ ಅದಕ್ಕೆ ಇಷ್ಟವಾದ ಸಿನಿಮಾ ಹಾಡು ನುಡಿಸಲು ಬಿಡಿ, ಟಚ್ ರೆಸ್ಪಾನ್ಸ್ ಮಾತ್ರ ಆಫ್ ಇರಲಿ.